ಜೇಬಿನ ಬಹೂಪಯೋಗಿ ಚಾಕು: ಕೊಳ್ಳುವ ಮುನ್ನ ಒಂದು ಲೆಕ್ಕಾಚಾರ

ಯಂತ್ರೋಪಕರಣಗಳ ಖರೀದಿಯ ಸಂದರ್ಭದಲ್ಲಿ ನಮ್ಮ ವರ್ತಕರೂ ಸಣ್ಣ ಉದ್ಯಮಿಗಳೂ ಮೂರು ಕಡೆಯಿಂದ ದರಪಟ್ಟಿ ತರಿಸಿ, ಗುಣಾವಗುಣಗಳನ್ನು ತೂಗಿ ನೋಡಿ, ಆನಂತರವೇ ನಿರ್ಧಾರ ಕೈಗೊಳ್ಳುತ್ತಾರೆ. ಆದರೆ ದಿನಕ್ಕೆ ಹತ್ತಾರು ಬಾರಿ ಕೈಗೆ ಬರುವ ಚಿಕ್ಕ ಸಲಕರಣೆಗಳ ವಿಷಯದಲ್ಲಿ ಇಂತಹ ವಿವೇಚನೆ ಕಂಡುಬರುವುದು ಅಪರೂಪ. ರಟ್ಟಿನ ಪೆಟ್ಟಿಗೆಯ ಅಂಟುಪಟ್ಟಿಯನ್ನು ಸೀಳುವುದು, ಗೋಣಿಚೀಲದ ಹುರಿ ಕತ್ತರಿಸುವುದು, ಸಡಿಲಗೊಂಡ ಸ್ಕ್ರೂ ಬಿಗಿಗೊಳಿಸುವುದು, ಮಾದರಿಗಾಗಿ ಬಟ್ಟೆಯ ಅಥವಾ ರಬ್ಬರಿನ ತುಣುಕು ತೆಗೆಯುವುದು ಇವೆಲ್ಲ ಅಂಗಡಿ, ಗೋದಾಮು ಹಾಗೂ ಕಾರ್ಖಾನೆಗಳ ದೈನಂದಿನ ಕೆಲಸಗಳು. ಇವುಗಳಿಗೆ ಬೀಗದ ಕೈ, ಲೇಖನಿಯ ತುದಿ, ಕೊನೆಗೆ ಹಲ್ಲನ್ನೇ ಉಪಯೋಗಿಸುವವರನ್ನೂ ನಾವು ಕಾಣುತ್ತೇವೆ.

ಈ ಕೊರತೆಯನ್ನು ನೀಗಿಸುವ ಸಾಧನವೆಂದರೆ ಜೇಬಿನಲ್ಲಿ ಇರಿಸಿಕೊಳ್ಳಬಹುದಾದ ಬಹೂಪಯೋಗಿ ಚಾಕು. ಕೆಲವು ನೂರು ರೂಪಾಯಿಗಳಿಂದ ಹಿಡಿದು ಹತ್ತು ಸಾವಿರ ರೂಪಾಯಿಗಳನ್ನು ಮೀರುವವರೆಗೂ ಇದರ ಬೆಲೆಯುಂಟು. ಹೆಚ್ಚು ಉಪಕರಣಗಳಿದ್ದಷ್ಟೂ ಹೆಚ್ಚು ಮೌಲ್ಯ ಎಂಬ ಭಾವನೆಯಿಂದ ಕೊಳ್ಳುವವರೇ ಬಹಳ. ಚಾಕುವಿನ ಮೌಲ್ಯವು ಅದರಲ್ಲಿರುವ ಉಪಕರಣಗಳ ಸಂಖ್ಯೆಯಲ್ಲಿಲ್ಲ. ಅದು ಎಷ್ಟು ಬಾರಿ, ಎಷ್ಟು ಸುರಕ್ಷಿತವಾಗಿ ಬಳಕೆಗೆ ಬರುತ್ತದೆ ಎಂಬುದರಲ್ಲಿದೆ. ಈ ಅಂಶವನ್ನು ಲೆಕ್ಕಪರಿಶೋಧಕನ ದೃಷ್ಟಿಯಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿನ್ನೆಲೆ

ಕಾರ್ಲ್ ಎಲ್ಸ್‌ನರ್ ಎಂಬ ಕುಶಲಕರ್ಮಿ 1884ರಲ್ಲಿ ಸ್ವಿಟ್ಜರ್ಲೆಂಡಿನ ಇಬಾಖ್ ಎಂಬ ಊರಿನಲ್ಲಿ ಚಾಕು ತಯಾರಿಕೆಯ ಕಾರ್ಯಾಗಾರ ಆರಂಭಿಸಿದರು. ಆ ದೇಶದ ಸೈನಿಕರಿಗೆ ನೀಡಿದ ಮೊದಲ ಮಡಿಚುವ ಚಾಕುಗಳು ಜರ್ಮನಿಯ ಸೋಲಿಂಗೆನ್ ನಗರದಿಂದ ಬಂದಿದ್ದವು. 1891ರಲ್ಲಿ ಎಲ್ಸ್‌ನರ್ ಅವರೂ ಸೈನ್ಯಕ್ಕೆ ಪೂರೈಕೆ ಆರಂಭಿಸಿದರು. ಸೋಲಿಂಗೆನ್‌ನ ಕಾರ್ಖಾನೆಗಳ ಅಗ್ಗದ ದರದೊಡನೆ ಪೈಪೋಟಿ ನಡೆಸಲಾಗದೆ ಅವರು ದಿವಾಳಿಯ ಅಂಚಿಗೆ ಬಂದರೂ ಉದ್ಯಮವನ್ನು ಕೈಬಿಡಲಿಲ್ಲ. 1897ರಲ್ಲಿ ಅವರು ನೋಂದಾಯಿಸಿದ ಅಧಿಕಾರಿಗಳ ಚಾಕುವಿನಲ್ಲಿ ಕೇವಲ ಎರಡು ಸ್ಪ್ರಿಂಗುಗಳು ಆರು ಉಪಕರಣಗಳನ್ನು ಹಿಡಿದಿಡುತ್ತಿದ್ದವು. ಒಂದೇ ಸ್ಪ್ರಿಂಗಿನ ಎರಡೂ ಬದಿಗಳನ್ನು ಬಳಸಿಕೊಂಡದ್ದೇ ಅದರ ಜಾಣ್ಮೆ. ಆ ಸಂಸ್ಥೆಯೇ ಇಂದಿನ ವಿಕ್ಟೋರಿನಾಕ್ಸ್. ಎಲ್ಸ್‌ನರ್ ಅವರ ತಾಯಿ ವಿಕ್ಟೋರಿಯಾ ಅವರ ಹೆಸರಿಗೆ, ತುಕ್ಕು ನಿರೋಧಕ ಉಕ್ಕನ್ನು ಸೂಚಿಸುವ ‘ಇನಾಕ್ಸ್’ ಪದ 1921ರಲ್ಲಿ ಸೇರಿ ಈ ಹೆಸರು ಬಂದಿತು.

ಎರಡನೆಯ ಮಾದರಿಯ ಮೂಲ ಅಮೆರಿಕದಲ್ಲಿದೆ. 1975ರಲ್ಲಿ ಹಳೆಯ ಕಾರಿನಲ್ಲಿ ಯೂರೋಪ್ ಪ್ರವಾಸ ಕೈಗೊಂಡಿದ್ದ ಟಿಮ್ ಲೆದರ್‌ಮನ್ ಅವರಿಗೆ ತಮ್ಮ ಜೇಬಿನ ಚಾಕುವಿನಲ್ಲಿ ಇಕ್ಕಳವಿಲ್ಲದ ಕೊರತೆ ಕಾಡಿತು. ಅವರ ಆಲೋಚನೆಗೆ 1980ರಲ್ಲಿ ಪೇಟೆಂಟ್ ದೊರೆಯಿತು. 1983ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. ಒಬ್ಬರು ಚಾಕುವಿನಿಂದ ಆರಂಭಿಸಿದರು, ಮತ್ತೊಬ್ಬರು ಇಕ್ಕಳದಿಂದ ಆರಂಭಿಸಿದರು. ಮಾರುಕಟ್ಟೆಯಲ್ಲಿ ಇಂದು ದೊರೆಯುವ ನೂರಾರು ಮಾದರಿಗಳನ್ನು ಈ ಎರಡು ವರ್ಗಗಳಲ್ಲೇ ಇರಿಸಬಹುದು.

ಭಾರವೂ ಒಂದು ವೆಚ್ಚ

ಮೂಗಿಗಿಂತ ಮೂಗುತಿ ಭಾರವಾಗಬಾರದೆಂಬ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಚಾಕುವಿನ ವರ್ಗದಲ್ಲಿ, ಬೀಗದ ಕೈಗೊಂಚಲಿಗೆ ಸಿಕ್ಕಿಸಬಹುದಾದ 58 ಮಿ.ಮೀ. ಉದ್ದದ ‘ಕ್ಲಾಸಿಕ್’ ಮಾದರಿ ಸುಮಾರು 21 ಗ್ರಾಂ ತೂಗುತ್ತದೆ. 91 ಮಿ.ಮೀ. ಉದ್ದದ ‘ಸ್ಪಾರ್ಟನ್’ ಸುಮಾರು 60 ಗ್ರಾಂ. 33 ಉಪಯೋಗಗಳುಳ್ಳ ‘ಸ್ವಿಸ್ ಚಾಂಪ್’ ಸುಮಾರು 185 ಗ್ರಾಂ. ಇಕ್ಕಳದ ವರ್ಗದ ‘ವೇವ್ ಪ್ಲಸ್’ ಸುಮಾರು 240 ಗ್ರಾಂ ಇದ್ದು, ಅದನ್ನು ಸೊಂಟದ ಚೀಲದಲ್ಲಿಯೇ ಒಯ್ಯಬೇಕಾಗುತ್ತದೆ. ಅಂಗಿಯ ಜೇಬನ್ನು ಜಗ್ಗುವ ಸಾಧನವು ವಾರದೊಳಗೆ ಮೇಜಿನ ಖಾನೆ ಸೇರುತ್ತದೆ. ಖಾನೆಯಲ್ಲಿರುವ ಚಾಕು ಗೋದಾಮಿನಲ್ಲಿರುವವನಿಗೆ ಒದಗುವುದಿಲ್ಲ.

ಮೂವತ್ತು ದಿನಗಳ ದಾಖಲೆ

ಆದ್ದರಿಂದ ಕೊಳ್ಳುವ ಮುನ್ನ ಒಂದು ಚಿಕ್ಕ ಕೈಪುಸ್ತಕದಲ್ಲಿ ಮೂವತ್ತು ದಿನಗಳ ದಾಖಲೆ ಇಡುವುದು ಒಳಿತು. ಕತ್ತರಿಸುವುದು, ಸ್ಕ್ರೂ ತಿರುಗಿಸುವುದು, ಹಿಡಿದು ಎಳೆಯುವುದು, ರಂಧ್ರ ಮಾಡುವುದು, ಡಬ್ಬಿ ತೆರೆಯುವುದು ಎಂದು ಐದು ಅಂಕಣಗಳನ್ನು ಹಾಕಿ, ಅಗತ್ಯ ಬಿದ್ದಾಗಲೆಲ್ಲ ಒಂದು ಗೀಟು ಎಳೆಯಬೇಕು. ತಿಂಗಳ ಕೊನೆಯಲ್ಲಿ ಅಂಕಣಗಳೇ ಉತ್ತರ ಹೇಳುತ್ತವೆ.

ಜವಳಿ ವರ್ತಕರ ದಾಖಲೆಯಲ್ಲಿ ಕತ್ತರಿಯ ಅಂಕಣ ತುಂಬಬಹುದು. ಧಾನ್ಯ ಮತ್ತು ಅಡಿಕೆ ಮಂಡಿಯವರಿಗೆ ಹುರಿ ಕತ್ತರಿಸುವ ಅಲಗೂ, ಚೀಲದ ಹರಕನ್ನು ಹೊಲಿಯಲು ದಬ್ಬಣದಂತೆ ಒದಗುವ ಮೊನೆಯೂ ಉಪಯುಕ್ತ. 91 ಮಿ.ಮೀ. ಮಾದರಿಗಳ ಬೆನ್ನಿನಲ್ಲಿರುವ ರಂಧ್ರವುಳ್ಳ ಮೊನೆಗೆ ದಾರ ಪೋಣಿಸಬಹುದೆಂಬುದು ಅನೇಕರಿಗೆ ತಿಳಿದಿಲ್ಲ. ಯಂತ್ರಗಳ ನಡುವೆ ಓಡಾಡುವ ಸಣ್ಣ ಉದ್ಯಮಿಗೆ ಇಕ್ಕಳದ ವರ್ಗವೇ ಸೂಕ್ತ. ದಾಖಲೆಯಲ್ಲಿ ರಟ್ಟಿನ ಪೆಟ್ಟಿಗೆಗಳ ಹೊರತು ಬೇರೇನೂ ಇಲ್ಲದಿದ್ದರೆ ಬಹೂಪಯೋಗಿ ಚಾಕುವಿನ ಅಗತ್ಯವೇ ಇಲ್ಲ. ಸ್ಟೇಷನರಿ ಅಂಗಡಿಯ ಸಾಧಾರಣ ಪೇಪರ್ ಕಟರ್ ಸಾಕು. ಖರೀದಿ ಬೇಡವೆಂಬ ತೀರ್ಮಾನವೂ ಒಂದು ಲಾಭದಾಯಕ ತೀರ್ಮಾನವೇ.

ಬಳಕೆಯ ವೆಚ್ಚವನ್ನು ಹೀಗೆ ಲೆಕ್ಕ ಹಾಕಬಹುದು. ಇವು ಉದಾಹರಣೆಗಾಗಿ ಇಟ್ಟುಕೊಂಡ ಅಂಕಿಗಳು. 1,800 ರೂಪಾಯಿಯ ಚಾಕುವನ್ನು ವರ್ಷದ 300 ಕೆಲಸದ ದಿನಗಳಲ್ಲಿ ದಿನಕ್ಕೆ ಮೂರು ಬಾರಿ ಬಳಸಿದರೆ ಐದು ವರ್ಷಗಳಲ್ಲಿ 4,500 ಬಳಕೆಗಳಾಗುತ್ತವೆ. ಪ್ರತಿ ಬಳಕೆಗೆ 40 ಪೈಸೆ. 9,000 ರೂಪಾಯಿಯ ಸಾಧನವನ್ನು ತಿಂಗಳಿಗೆ ಎರಡೇ ಬಾರಿ ತೆಗೆದರೆ ಅದೇ ಅವಧಿಯಲ್ಲಿ 120 ಬಳಕೆಗಳು. ಪ್ರತಿ ಬಳಕೆಗೆ 75 ರೂಪಾಯಿ. ಅದೇ 9,000 ರೂಪಾಯಿಯ ಇಕ್ಕಳ ದುರಸ್ತಿಗಾರನ ಕೈಯಲ್ಲಿ ದಿನಕ್ಕೆ ಆರು ಬಾರಿ ದುಡಿದರೆ ಬಳಕೆಯೊಂದಕ್ಕೆ ಒಂದು ರೂಪಾಯಿ ಮಾತ್ರ. ದುಬಾರಿ ಯಾವುದು, ಅಗ್ಗ ಯಾವುದು ಎಂಬುದನ್ನು ಬೆಲೆಚೀಟಿ ಮಾತ್ರ ನೋಡಿ ಹೇಳಲಾಗದು.

ಗುಣಮಟ್ಟದ ಪರೀಕ್ಷೆ

ಅಂಗಡಿಯಲ್ಲಿ ಐದು ನಿಮಿಷ ವ್ಯಯಿಸಿ ಈ ಕೆಳಗಿನ ಅಂಶಗಳನ್ನು ಪರಿಶೀಲಿಸಬೇಕು.

ಮೊದಲನೆಯದಾಗಿ, ಅಲಗು ಮತ್ತು ಕೀಲು. ಅಲಗನ್ನು ತೆರೆದು ಎಡಬಲಕ್ಕೆ ಅಲುಗಿಸಿದಾಗ ಸಡಿಲಿಕೆ ಇರಬಾರದು. ಮುಚ್ಚುವಾಗ ಸ್ಪ್ರಿಂಗಿನ ಬಿಗಿ ಒಂದೇ ಸಮನಾಗಿರಬೇಕು. ಉಕ್ಕು ಅತಿ ಗಡುಸಾದರೆ ಅಂಚು ಚಕ್ಕೆ ಏಳುತ್ತದೆ, ಮೃದುವಾದರೆ ಬೇಗ ಮೊಂಡಾಗುತ್ತದೆ. ವಿಕ್ಟೋರಿನಾಕ್ಸ್ ತನ್ನ ಅಲಗುಗಳನ್ನು ರಾಕ್‌ವೆಲ್ ಸಿ ಮಾಪನದಲ್ಲಿ 56ರ ಗಡುಸಿಗೂ, ಸ್ಪ್ರಿಂಗನ್ನು ಅದಕ್ಕಿಂತ ಕಡಿಮೆ, ಅಂದರೆ 49ರ ಗಡುಸಿಗೂ ಹದಗೊಳಿಸುತ್ತದೆ. ಒಂದೇ ಚಾಕುವಿನ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಹದ ನೀಡುವುದರಲ್ಲಿಯೇ ತಯಾರಕನ ಪರಿಣತಿ ಇದೆ.

ಎರಡನೆಯದಾಗಿ, ಅಲಗಿನ ಬೀಗ. ಚಿಕ್ಕ ಮಾದರಿಗಳಲ್ಲಿ ಅಲಗನ್ನು ಸ್ಪ್ರಿಂಗಿನ ಒತ್ತಡ ಮಾತ್ರ ತೆರೆದಿಡುತ್ತದೆ. ಮೊನೆಯಿಂದ ಚುಚ್ಚಿ ಒತ್ತಿದರೆ ಅದು ಬೆರಳಿನ ಮೇಲೆ ಮಡಿಚಿಕೊಳ್ಳುವ ಅಪಾಯವುಂಟು. ಭಾರಿ ಕೆಲಸಕ್ಕೆ 111 ಮಿ.ಮೀ. ಉದ್ದದ, ಅಲಗಿಗೆ ಬೀಗವುಳ್ಳ ಮಾದರಿ ಕ್ಷೇಮಕರ. ಕಾರ್ಮಿಕನೊಬ್ಬನ ಬೆರಳಿಗೆ ಆದ ಗಾಯದ ವೆಚ್ಚ ಎಷ್ಟೋ ಚಾಕುಗಳ ಬೆಲೆಗೆ ಸಮನಾಗಬಹುದು.

ಮೂರನೆಯದಾಗಿ, ಅಸಲಿತನ. ಪ್ರಸಿದ್ಧ ಮಾದರಿಗಳ ನಕಲುಗಳು ವ್ಯಾಪಕವಾಗಿವೆ. ಅಲಗಿನ ಬುಡದಲ್ಲಿ ತಯಾರಕರ ಹೆಸರು ಸ್ಪಷ್ಟವಾಗಿ ಒತ್ತಿರಬೇಕು. ಖಾತರಿಯ ನಿಬಂಧನೆಗಳನ್ನು ಓದಬೇಕು. ಲೆದರ್‌ಮನ್ ಇಪ್ಪತ್ತೈದು ವರ್ಷಗಳ ಖಾತರಿ ನೀಡುತ್ತದೆ. ವಿಕ್ಟೋರಿನಾಕ್ಸ್ ಚಾಕುಗಳಿಗೆ ವಸ್ತು ಹಾಗೂ ತಯಾರಿಕೆಯ ದೋಷಗಳ ಮಟ್ಟಿಗೆ ಆಜೀವ ಖಾತರಿಯಿದೆ. ರಸೀದಿಯಿಲ್ಲದೆ ಕೊಂಡ ವಸ್ತುವಿಗೆ ಇಂತಹ ಖಾತರಿಯನ್ನು ಕೇಳುವುದು ಕಷ್ಟ. ನೂರು ರೂಪಾಯಿ ಉಳಿಸಲು ಬಿಲ್ ಬೇಡವೆನ್ನುವುದು ನಷ್ಟದ ವ್ಯವಹಾರ.

ಕಾನೂನಿನ ಎಲ್ಲೆ

ಚಾಕು ಉಪಕರಣವೂ ಹೌದು, ಆಯುಧವೂ ಆಗಬಲ್ಲದು. ಶಸ್ತ್ರಾಸ್ತ್ರ ಅಧಿನಿಯಮ, 1959ರ ಅಡಿಯ 2016ರ ನಿಯಮಗಳ ಅನುಸೂಚಿಯಲ್ಲಿ 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳ ಚಾಕುಗಳು ಸೇರಿವೆ. ಗೃಹ, ಕೃಷಿ, ವೈಜ್ಞಾನಿಕ ಅಥವಾ ಕೈಗಾರಿಕಾ ಉದ್ದೇಶಕ್ಕೆ ರೂಪಿಸಿದವುಗಳಿಗೆ ಅಲ್ಲಿ ವಿನಾಯಿತಿಯಿದೆ. ಜೇಬಿನ ಚಾಕು ಈ ಅಳತೆಗಿಂತ ಬಹಳ ಚಿಕ್ಕದು. ಆದರೆ ಸ್ಥಳೀಯ ಆದೇಶಗಳು ಇನ್ನೂ ಕಠಿಣವಾಗಿರಬಹುದು. ದೆಹಲಿಯಲ್ಲಿ 1980ರ ಅಧಿಸೂಚನೆಯೊಂದು ಗುಂಡಿ ಒತ್ತಿದಾಗ ಅಥವಾ ಸ್ಪ್ರಿಂಗಿನ ಬಲದಿಂದ ತೆರೆದುಕೊಳ್ಳುವ, 7.62 ಸೆಂ.ಮೀ. ಉದ್ದ ಹಾಗೂ 1.72 ಸೆಂ.ಮೀ. ಅಗಲ ಅಥವಾ ಅದಕ್ಕೂ ಮಿಗಿಲಾದ ಅಲಗಿನ ಚಾಕುಗಳನ್ನು ನಿಯಂತ್ರಣಕ್ಕೆ ಒಳಪಡಿಸಿತು. ಗುಂಡಿ ಒತ್ತಿದೊಡನೆ ಚಿಮ್ಮುವ ಚಾಕುಗಳನ್ನು ವರ್ತಕರು ಕೊಳ್ಳದಿರುವುದೇ ಲೇಸು. ಅವು ಉಪಕರಣವೆಂದು ವಾದಿಸುವುದು ಸುಲಭವಲ್ಲ.

ಚುನಾವಣೆ, ಗಲಭೆ ಮುಂತಾದ ಸಂದರ್ಭಗಳಲ್ಲಿ ಹೊರಡುವ ನಿಷೇಧಾಜ್ಞೆಗಳು ಚಾಕು ಒಯ್ಯುವುದನ್ನು ಪೂರ್ಣವಾಗಿ ನಿರ್ಬಂಧಿಸಬಹುದು. ಅಂತಹ ದಿನಗಳಲ್ಲಿ ಅದನ್ನು ಅಂಗಡಿಯಲ್ಲಿಯೇ ಬಿಡಬೇಕು. ವಿಮಾನ ಪ್ರಯಾಣದಲ್ಲಿ ಚಾಕುವನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ. ಸರಕಿನ ಭಾಗಕ್ಕೆ ಒಪ್ಪಿಸುವ ಪೆಟ್ಟಿಗೆಯಲ್ಲಿಯೇ ಇರಿಸಬೇಕು. ಕೈಚೀಲವೊಂದರಲ್ಲೇ ಮುಂಬಯಿಗೆ ಹೋಗಿಬರುವವರು ಹೊರಡುವ ಹಿಂದಿನ ರಾತ್ರಿ ಜೇಬನ್ನೂ ಬೀಗದ ಕೈಗೊಂಚಲನ್ನೂ ಪರೀಕ್ಷಿಸಿಕೊಳ್ಳುವುದು ಒಳಿತು. ವಸ್ತುಪ್ರದರ್ಶನಕ್ಕೆಂದು ಬ್ರಿಟನ್ನಿಗೆ ತೆರಳುವವರು ಅಲ್ಲಿ ಸಕಾರಣವಿಲ್ಲದೆ ಸಾರ್ವಜನಿಕವಾಗಿ ಒಯ್ಯಬಹುದಾದದ್ದು 3 ಅಂಗುಲದೊಳಗಿನ ಅಂಚುಳ್ಳ, ಬೀಗವಿಲ್ಲದ ಮಡಿಚುವ ಚಾಕುವನ್ನು ಮಾತ್ರ ಎಂಬುದನ್ನು ಅರಿತಿರಬೇಕು. ಇಲ್ಲಿ ಕ್ಷೇಮಕರವೆಂದು ಕೊಂಡ ಬೀಗದ ಚಾಕು ಅಲ್ಲಿ ತೊಡಕಾಗಬಲ್ಲದು.

ಕಾನೂನಿನ ಬದಲಾವಣೆ ತಯಾರಕರನ್ನೂ ಬಿಟ್ಟಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ತರುವಾಯ ವಿಮಾನ ನಿಲ್ದಾಣಗಳ ಮಳಿಗೆಗಳಲ್ಲಿ ಚಾಕುಗಳ ಮಾರಾಟ ನಿಂತು ವಿಕ್ಟೋರಿನಾಕ್ಸ್ ಸಂಸ್ಥೆಗೆ ತೀವ್ರ ಪೆಟ್ಟು ಬಿದ್ದಿತು. 2024ರಲ್ಲಿ ಅದೇ ಸಂಸ್ಥೆಯ ಮುಖ್ಯಸ್ಥರು, ಅಲಗೇ ಇಲ್ಲದ ಜೇಬಿನ ಸಾಧನಗಳನ್ನು ರೂಪಿಸುತ್ತಿರುವುದಾಗಿ ಪ್ರಕಟಿಸಿದರು. ಸದಾ ಪ್ರಯಾಣದಲ್ಲಿರುವವರು ಇಂತಹ ಸಾಧನಗಳತ್ತ ಗಮನ ಹರಿಸಬಹುದು.

ಮುದ್ರೆ ಇರುವಲ್ಲಿ ಕೈ ಹಾಕದಿರಿ

ಜೇಬಿನಲ್ಲಿ ಸ್ಕ್ರೂಡ್ರೈವರ್ ಇದ್ದೊಡನೆ ಎಲ್ಲವನ್ನೂ ಬಿಚ್ಚಿ ನೋಡುವ ಉತ್ಸಾಹ ಸಹಜ. ಆದರೆ ತೂಕದ ಯಂತ್ರದ ಮೇಲೆ ಕಾನೂನು ಮಾಪನ ಇಲಾಖೆಯ ಮುದ್ರೆ, ವಿದ್ಯುತ್ ಮೀಟರಿನ ಮುದ್ರೆ, ರಫ್ತು ಕಂಟೇನರಿನ ಮುದ್ರೆ ಇವುಗಳನ್ನು ಮುಟ್ಟುವಂತಿಲ್ಲ. ತೂಕದಲ್ಲಿ ವ್ಯತ್ಯಾಸ ಕಂಡರೆ ಪರವಾನಗಿ ಪಡೆದ ದುರಸ್ತಿಗಾರರನ್ನು ಕರೆಯಬೇಕು. ಒಡೆದ ಮುದ್ರೆಗೆ ಸದುದ್ದೇಶದ ಸಮಜಾಯಿಷಿ ನಿಲ್ಲುವುದಿಲ್ಲ. ಹಾಗೆಯೇ ಈ ಸಾಧನಗಳ ಲೋಹದ ಭಾಗಗಳಿಗೆ ವಿದ್ಯುತ್ ನಿರೋಧಕ ಹೊದಿಕೆ ಇರುವುದಿಲ್ಲವಾದ್ದರಿಂದ, ವಿದ್ಯುತ್ ಹರಿಯುತ್ತಿರುವ ಯಾವುದೇ ಭಾಗದ ಮೇಲೆ ಇವನ್ನು ಪ್ರಯೋಗಿಸಬಾರದು.

ಲೆಕ್ಕಪುಸ್ತಕದಲ್ಲಿ

ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಕೆಲಸಕ್ಕೆಂದು ಕೊಂಡ ಚಾಕುವನ್ನು ಬಿಡಿ ಉಪಕರಣಗಳ ವೆಚ್ಚವೆಂದು ತೋರಿಸಬಹುದು. ಬಿಲ್ಲಿನಲ್ಲಿ ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆ ನಮೂದಾಗಿದ್ದರೆ, ಇತರ ಷರತ್ತುಗಳಿಗೆ ಒಳಪಟ್ಟು, ಹೂಡುವಳಿ ತೆರಿಗೆ ಜಮೆಯೂ ದೊರೆಯುತ್ತದೆ. ಆದರೆ ದೀಪಾವಳಿಗೆ ಗ್ರಾಹಕರಿಗೆಂದು ಐವತ್ತು ಚಾಕುಗಳನ್ನು ಕೊಂಡು ಉಡುಗೊರೆ ನೀಡಿದರೆ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 17(5)ನೇ ಕಲಮಿನ ಪ್ರಕಾರ ಆ ಜಮೆ ಲಭ್ಯವಿಲ್ಲ. ಮಾಲೀಕರ ಸ್ವಂತ ಬಳಕೆಗೂ ಇದೇ ನಿಯಮ. ಸಿಬ್ಬಂದಿಗೆ ಕೆಲಸಕ್ಕಾಗಿ ಕೊಟ್ಟಿದ್ದರೆ, ಯಾರಿಗೆ ಎಂದು ಕೊಟ್ಟಿತೆಂಬುದನ್ನು ವಹಿಯಲ್ಲಿ ಬರೆದು ಸಹಿ ಪಡೆಯಬೇಕು. ಅದು ಉಡುಗೊರೆಯಲ್ಲ, ಉಪಕರಣ ಎಂಬುದಕ್ಕೆ ಆ ಸಹಿಯೇ ಆಧಾರ.

ಪಾಲನೆ

ತುಕ್ಕು ನಿರೋಧಕ ಉಕ್ಕೆಂದರೆ ಎಂದಿಗೂ ತುಕ್ಕು ಹಿಡಿಯದ ಉಕ್ಕಲ್ಲ. ಮಂಗಳೂರು, ಕಾರವಾರದಂತಹ ಕರಾವಳಿಯ ಉಪ್ಪುಗಾಳಿಯಲ್ಲಿ ಕೀಲುಗಳು ಬೇಗ ಬಿಗಿಯುತ್ತವೆ. ತಿಂಗಳಿಗೊಮ್ಮೆ ಬೆಚ್ಚನೆಯ ನೀರಿನಲ್ಲಿ ತೊಳೆದು, ಚೆನ್ನಾಗಿ ಒರೆಸಿ, ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟರೆ ಸಾಕು. ಹಣ್ಣು ಕತ್ತರಿಸಲೂ ಬಳಸುವವರು ಆಹಾರಕ್ಕೆ ಸೋಕಿದರೂ ಹಾನಿಯಿಲ್ಲದ ಎಣ್ಣೆಯನ್ನೇ ಆರಿಸಬೇಕು. ಸಾಣೆ ಹಿಡಿಯುವಾಗ ಪ್ರತಿ ಬದಿಗೂ 15ರಿಂದ 20 ಡಿಗ್ರಿಗಳ ಕೋನ ಸೂಕ್ತ. ರಸ್ತೆಬದಿಯ ಯಂತ್ರಸಾಣೆಗೆ ಕೊಟ್ಟರೆ ಅತಿಯಾದ ಬಿಸಿಯಿಂದ ಉಕ್ಕಿನ ಹದ ಕೆಡಬಹುದು. ಮೊಂಡಾದ ಅಲಗಿಗೆ ಹೆಚ್ಚು ಬಲ ಬೇಕು, ಹೆಚ್ಚು ಬಲ ಬಿದ್ದಲ್ಲಿ ಜಾರುವಿಕೆ ಹೆಚ್ಚು. ಆದ್ದರಿಂದ ಹರಿತವಾದ ಚಾಕುವೇ ಸುರಕ್ಷಿತ.

ಒಟ್ಟಿನಲ್ಲಿ, ಮೊದಲು ಅಗತ್ಯದ ದಾಖಲೆ, ನಂತರ ಭಾರ ಮತ್ತು ಬೀಗದ ವಿಚಾರ, ಆಮೇಲೆ ಕಾನೂನಿನ ಮಿತಿ, ಕೊನೆಯಲ್ಲಿ ಬೆಲೆ. ಈ ಅನುಕ್ರಮವನ್ನು ಪಾಲಿಸಿದರೆ ಬಹುಪಾಲು ವರ್ತಕರಿಗೆ ಅರವತ್ತು ಗ್ರಾಂ ತೂಗುವ, ಐದಾರು ಉಪಕರಣಗಳ ಸಾಧಾರಣ ಚಾಕುವೇ ಸಾಕೆಂಬುದು ಮನವರಿಕೆಯಾದೀತು. ಮುಂದಿನ ತಿಂಗಳ ಮೊದಲ ದಿನದಿಂದಲೇ ಐದು ಅಂಕಣಗಳ ಆ ಕೈಪುಸ್ತಕವನ್ನು ಆರಂಭಿಸಬಹುದು. ಅದಕ್ಕೆ ತಗಲುವ ವೆಚ್ಚ ಒಂದು ಹಾಳೆ ಮಾತ್ರ.