ಜ್ವರದ ಜೊತೆ ಫಿಟ್ಸ್: ದಿನವೂ ಔಷಧ ಬೇಕೆ?

ಸಿರುಗುಪ್ಪದ ಕಡೆಯ ಒಂದು ಹಳ್ಳಿ. ಒಂದೂವರೆ ವರ್ಷದ ಮಗುವಿಗೆ ಸಂಜೆಯಿಂದ ಮೈ ಬಿಸಿ. ರಾತ್ರಿ ಇದ್ದಕ್ಕಿದ್ದಂತೆ ಕಣ್ಣು ಮೇಲಾಗಿ, ಕೈಕಾಲು ಸೆಟೆದು ಅದುರತೊಡಗುತ್ತವೆ. ಮಗು ಕೈತಪ್ಪಿತೆಂದೇ ಹೆತ್ತವರ ಭಯ. ಬಳ್ಳಾರಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅದು ಚೇತರಿಸಿಕೊಂಡಿರುತ್ತದೆ. ಆಗ ಅವರು ಕೇಳುವುದು ಒಂದೇ: "ಮತ್ತೆ ಬರದಂಗ ಏನಾರ ಔಷಧ ಕೊಡ್ರಿ."

ಹಿಂದೆ ಬಾಲಗ್ರಹವೆಂದು ಹೆದರುತ್ತಿದ್ದ ಈ ತೊಂದರೆ ಸಾಮಾನ್ಯವಾಗಿ 6 ತಿಂಗಳಿನಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಕಂಡುಬರುತ್ತದೆ. ನೂರರಲ್ಲಿ 2ರಿಂದ 5 ಮಕ್ಕಳಿಗೆ ಬರುವುದುಂಟು. ಇಡೀ ಮೈಗೆ ಬಂದು, 15 ನಿಮಿಷದೊಳಗೆ ನಿಂತು, 24 ಗಂಟೆಯಲ್ಲಿ ಮರುಕಳಿಸದಿದ್ದರೆ ಅದು ಸರಳ ಬಗೆ. ಇದರಿಂದ ಬುದ್ಧಿಶಕ್ತಿ ಕುಂದುವುದಿಲ್ಲ. ಇಂಥ ಬಹುತೇಕ ಮಕ್ಕಳಿಗೆ ಮುಂದೆ ಮೂರ್ಛೆರೋಗವೂ ಬರುವುದಿಲ್ಲ.

ಮತ್ತೆ ಬರುತ್ತದೆಯೇ?

ಸುಮಾರು ಮೂವರಲ್ಲಿ ಒಬ್ಬರಿಗೆ ಬರುತ್ತದೆ. ಮೊದಲ ಫಿಟ್ಸ್ ಒಂದು ವರ್ಷದೊಳಗೆ ಬಂದಿದ್ದರೆ ಅಥವಾ ತಂದೆ, ತಾಯಿ, ಒಡಹುಟ್ಟಿದವರಿಗೆ ಚಿಕ್ಕಂದಿನಲ್ಲಿ ಬಂದಿದ್ದರೆ ಸಾಧ್ಯತೆ ಹೆಚ್ಚು.

ಹಾಗಾದರೆ ದಿನವೂ ಔಷಧ ಕೊಡಬಾರದೇಕೆ? ಹಿಂದೆ ಫೀನೋಬಾರ್ಬಿಟೋನ್ ಕೊಡುವುದು ವಾಡಿಕೆಯಾಗಿತ್ತು. ಅದರಿಂದ ಮಕ್ಕಳಲ್ಲಿ ಅತಿ ಚಟುವಟಿಕೆ, ಸಿಡುಕು ಕಾಣುತ್ತದೆ. 1990ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಬುದ್ಧಿಮಟ್ಟವೂ ತಗ್ಗಿದ್ದು ಕಂಡುಬಂತು. ಸೋಡಿಯಂ ವಾಲ್ಪ್ರೊಯೇಟ್ ಎರಡು ವರ್ಷದೊಳಗಿನ ಮಕ್ಕಳ ಯಕೃತ್ತಿಗೆ ಅಪಾಯ ತರಬಲ್ಲದು. ತಾನಾಗಿಯೇ ನಿಲ್ಲುವ ತೊಂದರೆಗೆ ಇಷ್ಟು ಬೆಲೆ ತೆರಬೇಕಿಲ್ಲ. ಆದ್ದರಿಂದ ಸರಳ ಬಗೆಗೆ ದಿನನಿತ್ಯದ ಔಷಧ ಬೇಡವೆಂಬುದೇ ಇಂದಿನ ತಜ್ಞರ ಮತ.

ಪ್ಯಾರಾಸಿಟಮಾಲ್ ಮಗುವಿನ ಸಂಕಟ ತಗ್ಗಿಸುತ್ತದೆ, ಫಿಟ್ಸ್ ತಡೆಯುವುದಿಲ್ಲ. "ಹೊತ್ತಿಗೆ ಸರಿಯಾಗಿ ಸಿರಪ್ ಕೊಡಲಿಲ್ಲ" ಎಂದು ತಾಯಿಯನ್ನು ದೂರುವುದು ತಪ್ಪು.

ಜ್ವರದ ದಿನಗಳಿಗಷ್ಟೇ

ಪದೇ ಪದೇ ಫಿಟ್ಸ್ ಬರುವ ಅಥವಾ ಬಹಳ ಹೊತ್ತು ನಿಲ್ಲದ ಕೆಲವೇ ಮಕ್ಕಳಿಗೆ ವೈದ್ಯರು ಕ್ಲೋಬಜಾಮ್ ಸೂಚಿಸುತ್ತಾರೆ. ಜ್ವರ ಕಂಡೊಡನೆ ಶುರುಮಾಡಿ, ಎರಡು ಮೂರು ದಿನ ಕೊಟ್ಟು ನಿಲ್ಲಿಸುವುದು ಕ್ರಮ. ಪ್ರಮಾಣ ಮಗುವಿನ ತೂಕದ ಮೇಲೆ ನಿಂತಿದೆ. ನೆರೆಮನೆಯ ಮಗುವಿನ ಚೀಟಿ ನಿಮ್ಮ ಮಗುವಿಗಲ್ಲ. ಇದರಿಂದ ತೂಕಡಿಕೆ, ನಡಿಗೆಯಲ್ಲಿ ತೂರಾಟ ಬರಬಹುದು. ಆ ಮಂಪರಿನಲ್ಲಿ ಮಿದುಳು ಜ್ವರದ ಲಕ್ಷಣ ಮರೆಯಾಗುವ ಅಪಾಯವಿರುವುದರಿಂದ, ಔಷಧ ಕೊಟ್ಟರೂ ಮಗುವನ್ನು ವೈದ್ಯರಿಗೆ ತೋರಿಸಿ. ಎಷ್ಟೋ ಸಲ ಫಿಟ್ಸ್ ಬಂದ ಮೇಲೆಯೇ ಜ್ವರ ಗೊತ್ತಾಗುತ್ತದೆ. ಹಾಗಾಗಿ ಇದು ಪೂರ್ಣ ರಕ್ಷಣೆಯಲ್ಲ.

ರಕ್ತದಲ್ಲಿ ಕಬ್ಬಿಣದ ಕೊರತೆಯಿರುವ ಮಕ್ಕಳಲ್ಲಿ ಈ ತೊಂದರೆ ಹೆಚ್ಚು. ಅದನ್ನೂ ಪರೀಕ್ಷಿಸಿ. ಲಸಿಕೆ ತಪ್ಪಿಸಬೇಡಿ.

ಫಿಟ್ಸ್ ಬಂದಾಗ

ಮಗುವನ್ನು ಒಂದು ಪಕ್ಕಕ್ಕೆ ಮಲಗಿಸಿ, ಬಟ್ಟೆ ಸಡಿಲಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ನೀರು, ಔಷಧ ಏನನ್ನೂ ಹಾಕಬೇಡಿ. ಕೈಗೆ ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದರಿಂದ ಫಲವಿಲ್ಲ; ಬರೆ ಹಾಕುವುದು ಕ್ರೌರ್ಯ.

5 ನಿಮಿಷ ದಾಟಿದರೆ 108ಕ್ಕೆ ಕರೆಮಾಡಿ. ಸಿರುಗುಪ್ಪದಿಂದ ಬಳ್ಳಾರಿಗೆ ಸುಮಾರು 55 ಕಿ.ಮೀ. ದಾರಿ. ಸಿರುಗುಪ್ಪವಿರಲಿ, ಕುರುಗೋಡಿರಲಿ, ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಫಿಟ್ಸ್ ನಿಲ್ಲಿಸಿಕೊಳ್ಳಿ. ಅಗತ್ಯವಿದ್ದರೆ ಜನ ಈಗಲೂ ವಿಮ್ಸ್ ಎನ್ನುವ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಅವರೇ ಕಳಿಸುತ್ತಾರೆ. ಹಿಂದೆ ದೀರ್ಘಕಾಲ ಫಿಟ್ಸ್ ಬಂದಿದ್ದ ಮಗುವಿಗೆ ಮೂಗಿಗೆ ಸಿಂಪಡಿಸುವ ಮಿಡಜೋಲಾಮ್ ಮನೆಯಲ್ಲಿ ಇಟ್ಟುಕೊಳ್ಳಬೇಕೆ ಎಂದು ವೈದ್ಯರನ್ನು ಕೇಳಿ, ಬಳಸುವ ಬಗೆ ಕಲಿತುಕೊಳ್ಳಿ.

ಫಿಟ್ಸ್ ಒಂದೇ ಪಕ್ಕಕ್ಕೆ ಬಂದರೆ, ದಿನದಲ್ಲಿ ಮತ್ತೆ ಬಂದರೆ, ಕುತ್ತಿಗೆ ಬಿಗಿದರೆ, ಮಗು ಎಚ್ಚರವಾಗದಿದ್ದರೆ, 6 ತಿಂಗಳು ತುಂಬದ ಕೂಸಿಗೆ ಬಂದರೆ ತಡಮಾಡಬೇಡಿ. ಮೊದಲ ಸಲದ ಫಿಟ್ಸ್ ಎಷ್ಟೇ ಬೇಗ ನಿಂತರೂ ಅಂದೇ ವೈದ್ಯರಿಗೆ ತೋರಿಸಬೇಕು.

ಐದಾರು ವರ್ಷ ದಾಟುವ ಹೊತ್ತಿಗೆ ಬಹುತೇಕ ಮಕ್ಕಳು ಇದರಿಂದ ಪಾರಾಗುತ್ತಾರೆ. ಅಲ್ಲಿಯವರೆಗೆ ಮಗುವಿಗೆ ಬೇಕಾದುದು ದಿನದ ಮಾತ್ರೆಯಲ್ಲ, ಮನೆಯವರ ಧೈರ್ಯ ಮತ್ತು ಸರಿಯಾದ ತಿಳಿವಳಿಕೆ.