‘ಸೆಟ್ಲ್’ ಎಂಬ ಕ್ರಿಯಾಪದ: ಇತಿಹಾಸದ ವಿದ್ಯಾರ್ಥಿಗಾಗಿ ಒಂದು ವಿವೇಚನೆ

ಇಂಗ್ಲೆಂಡಿನ ಇತಿಹಾಸವನ್ನಾಗಲಿ, ಬ್ರಿಟಿಷ್ ಆಳ್ವಿಕೆಯ ಭಾರತದ ಇತಿಹಾಸವನ್ನಾಗಲಿ ವ್ಯಾಸಂಗ ಮಾಡುವವರಿಗೆ ‘ಸೆಟ್ಲ್’ ಎಂಬ ಕ್ರಿಯಾಪದವೂ ಅದರಿಂದ ಹುಟ್ಟಿದ ‘ಸೆಟ್ಲ್‌ಮೆಂಟ್’ ಎಂಬ ನಾಮಪದವೂ ಹೆಜ್ಜೆಹೆಜ್ಜೆಗೆ ಎದುರಾಗುತ್ತವೆ. ಪದವು ಅತಿ ಪರಿಚಿತವಾದುದರಿಂದಲೇ ನಿಘಂಟನ್ನು ತೆರೆಯುವ ಗೋಜಿಗೆ ಯಾರೂ ಹೋಗುವುದಿಲ್ಲ. ಒಮ್ಮೆ ಉತ್ತರಪತ್ರಿಕೆಯೊಂದರಲ್ಲಿ “ಕಾರ್ನ್‌ವಾಲಿಸನು 1793ರಲ್ಲಿ ಬಂಗಾಳದ ಜಮೀನ್ದಾರರನ್ನು ಶಾಶ್ವತವಾಗಿ ನೆಲೆಗೊಳಿಸಿದನು” ಎಂಬ ವಾಕ್ಯವನ್ನು ನಾವು ಕಂಡೆವು. ಅದನ್ನು ಕೆಂಪು ಮಸಿಯಿಂದ ಹೊಡೆದುಹಾಕುವುದು ಸುಲಭ. ಆದರೆ ತಪ್ಪು ಎಲ್ಲಿದೆಯೆಂದು ವಿದ್ಯಾರ್ಥಿಗೆ ತಿಳಿಸಿ ಹೇಳಬೇಕಾದರೆ ಆ ಕ್ರಿಯಾಪದದ ಚರಿತ್ರೆಯನ್ನೇ ಬಿಡಿಸಬೇಕಾಗುತ್ತದೆ. ಪ್ರಸ್ತುತ ಲೇಖನದ ಉದ್ದೇಶ ಅಷ್ಟೆ.

ಹಳೆಯ ಇಂಗ್ಲಿಷಿನಲ್ಲಿ ಈ ಪದದ ಮೂಲರೂಪಕ್ಕೆ ಆಸನವೆಂದು ಅರ್ಥ. ಎತ್ತರದ ಒರಗುಹಲಗೆಯುಳ್ಳ ಮರದ ಬೆಂಚಿಗೆ ಇಂಗ್ಲಿಷಿನಲ್ಲಿ ಈಗಲೂ ‘ಸೆಟ್ಲ್’ ಎಂಬ ಹೆಸರುಂಟು. ‘ಸಿಟ್’ ಎಂಬ ಇಂಗ್ಲಿಷ್ ಪದವೂ, ಸದಸ್ಸು, ಸಂಸತ್ತು, ಪರಿಷತ್ತು ಮುಂತಾದವುಗಳಲ್ಲಿ ನಾವು ಕಾಣುವ ಸಂಸ್ಕೃತದ ‘ಸದ್’ ಧಾತುವೂ ಇದರ ಬಂಧುಗಳೇ. ಆದುದರಿಂದ ಕ್ರಿಯಾಪದದ ಮೊದಲ ಅರ್ಥ ಕೂರಿಸುವುದು, ಕೂರುವುದು. ಕನ್ನಡದಲ್ಲಿಯೂ ಧೂಳು ಕೂರುತ್ತದೆ, ರಾಡಿ ತಳದಲ್ಲಿ ಕೂರುತ್ತದೆ. ಇಂಗ್ಲಿಷಿನಲ್ಲಿ ಈ ಎರಡು ಕಡೆಯೂ ‘ಸೆಟ್ಲ್’ ಎಂದೇ ಪ್ರಯೋಗ. ಅಲೆದಾಡುವವನು ಒಂದೆಡೆ ಕೂತರೆ ನೆಲೆಸಿದಂತಾಯಿತು. ಅಲುಗುತ್ತಿದ್ದ ವಿಷಯ ಕೂತರೆ ನಿರ್ಣಯವಾದಂತಾಯಿತು. ಲೆಕ್ಕ ಕೂತರೆ ಬಾಕಿ ಚುಕ್ತಾ ಆದಂತಾಯಿತು. ವ್ಯಾಜ್ಯವನ್ನು ರಾಜಿಮಾಡಿಸುವ ಅರ್ಥವು ಬಲಗೊಳ್ಳಲು, ಸಮಾಧಾನಪಡಿಸುವುದೆಂಬ ಅರ್ಥದ ಬೇರೊಂದು ಹಳೆಯ ಕ್ರಿಯಾಪದವು ಇದರೊಡನೆ ಬೆರೆತುದೂ ಕಾರಣವಿರಬಹುದೆಂದು ನಿಘಂಟುಕಾರರು ಹೇಳುತ್ತಾರೆ. ಹೀಗೆ ನೆಲೆ, ನಿರ್ಣಯ, ಪಾವತಿ, ರಾಜಿ ಎಂಬ ನಾಲ್ಕು ಅರ್ಥಗಳು ಒಂದೇ ಪದದಲ್ಲಿ ಕೂಡಿಕೊಂಡಿವೆ. ಇವುಗಳಲ್ಲಿ ಯಾವುದು ಪ್ರಸ್ತುತವೆಂಬುದನ್ನು ಸಂದರ್ಭವೇ ಹೇಳಬೇಕು.

ಇಂಗ್ಲೆಂಡಿನ ಮೂರು ಶಾಸನಗಳನ್ನು ಹೋಲಿಸಿ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. 1701ರ ‘ಆಕ್ಟ್ ಆಫ್ ಸೆಟ್ಲ್‌ಮೆಂಟ್’ ಇಂಗ್ಲೆಂಡಿನ ಕಿರೀಟವು ಹ್ಯಾನೋವರಿನ ಸೋಫಿಯಾಳಿಗೂ ಅವಳ ಪ್ರಾಟೆಸ್ಟೆಂಟ್ ಸಂತತಿಗೂ ಸಲ್ಲತಕ್ಕದ್ದೆಂದು ವಿಧಿಸಿತು. ಇಲ್ಲಿನ ಅರ್ಥ ಉತ್ತರಾಧಿಕಾರದ ನಿರ್ಣಯ. 1662ರ ಬಡವರ ಪರಿಹಾರದ ಶಾಸನದಲ್ಲಿ ‘ಸೆಟ್ಲ್‌ಮೆಂಟ್’ ಎಂದರೆ ಒಂದು ಪ್ಯಾರಿಷ್ಷಿಗೆ ಸೇರಿದವನೆಂಬ ಹಕ್ಕು. ಆ ಹಕ್ಕಿಲ್ಲದೆ ಬಂದ ಬಡವನು ಪ್ಯಾರಿಷ್ಷಿಗೆ ಹೊರೆಯಾಗುವನೆಂದು ತೋರಿದರೆ, ನಲವತ್ತು ದಿನಗಳೊಳಗೆ ದೂರಿತ್ತು ಅವನನ್ನು ಹಿಂದಕ್ಕೆ ಕಳುಹಿಸಬಹುದಾಗಿತ್ತು. ಇನ್ನು ಕ್ರಾಮ್‌ವೆಲ್ಲನ ದಂಡಯಾತ್ರೆಯ ಬೆನ್ನಿಗೆ 1652ರಲ್ಲಿ ಐರ್ಲೆಂಡಿನ ‘ಸೆಟ್ಲ್‌ಮೆಂಟಿ’ಗೆಂದು ಮಾಡಿದ ಶಾಸನವು ಅಲ್ಲಿಯ ಕ್ಯಾಥೊಲಿಕ್ ಭೂಮಾಲೀಕರ ಜಮೀನನ್ನು ವಿಶೇಷವಾಗಿ ಕಸಿದುಕೊಳ್ಳಲು ದಾರಿಮಾಡಿತು. ಮೊದಲನೆಯದರಲ್ಲಿ ರಾಜವಂಶವೊಂದು ಕೂತಿತು. ಉಳಿದ ಎರಡರಲ್ಲಿ ಕೂತಿದ್ದವರು ಏಳಬೇಕಾಯಿತು. ಪದ ಮಾತ್ರ ಮೂರು ಕಡೆಯೂ ಒಂದೇ.

ಈ ಕ್ರಿಯಾಪದದ ಮೇಲೆ ಒಂದು ಜನಾಂಗದ ಭೂಮಿಯ ಹಕ್ಕೇ ನಿಂತ ಪ್ರಸಂಗ ಆಸ್ಟ್ರೇಲಿಯಾದ್ದು. ಇಂಗ್ಲಿಷ್ ನ್ಯಾಯಶಾಸ್ತ್ರವು ವಸಾಹತುಗಳನ್ನು ಗೆದ್ದವು ಅಥವಾ ಬಿಟ್ಟುಕೊಟ್ಟವು ಎಂದೂ, ‘ಸೆಟ್ಲ್’ ಆದವು ಎಂದೂ ವಿಂಗಡಿಸುತ್ತಿತ್ತು. ಗೆದ್ದ ನಾಡಿನಲ್ಲಿ ರಾಜನು ಬದಲಾಯಿಸುವವರೆಗೆ ಹಳೆಯ ಕಾನೂನು ಉಳಿಯುತ್ತದೆ. ಜನರಿಲ್ಲದ ನಾಡಿನಲ್ಲಿ ಇಂಗ್ಲಿಷರು ನೆಲೆಸಿದರೆ ಅವರ ಕಾನೂನೂ ಅವರೊಡನೆ ಬರುತ್ತದೆ. 1788ರಲ್ಲಿ ನ್ಯೂ ಸೌತ್ ವೇಲ್ಸಿಗೆ ಇಂಗ್ಲಿಷರು ಬಂದಾಗ ಅಲ್ಲಿ ಮೂಲನಿವಾಸಿಗಳು ಸಹಸ್ರಾರು ವರ್ಷಗಳಿಂದ ಬಾಳುತ್ತಿದ್ದರು. ಆದರೂ 1889ರಲ್ಲಿ ಪ್ರಿವಿ ಕೌನ್ಸಿಲು, ಅಲ್ಲಿ ನೆಲೆಯಾದ ನಿವಾಸಿಗಳಾಗಲಿ ನೆಲೆಯಾದ ಕಾನೂನಾಗಲಿ ಇರಲಿಲ್ಲವೆಂಬ ಆಧಾರದ ಮೇಲೆ ಅದನ್ನು ಎರಡನೆಯ ವರ್ಗಕ್ಕೆ ಸೇರಿಸಿತು. ಅಲ್ಲಿದ್ದವರು ‘ಸೆಟ್ಲ್’ ಆದವರಲ್ಲ, ಬಂದವರೇ ‘ಸೆಟ್ಲರು’ ಎಂದಾಯಿತು. ಮರ್ರೆ ದ್ವೀಪಗಳ ಎಡ್ಡಿ ಮಾಬೊ ಮೊದಲಾದವರು ಹೂಡಿದ ಮೊಕದ್ದಮೆಯಲ್ಲಿ ಆ ದೇಶದ ಉಚ್ಚ ನ್ಯಾಯಾಲಯವು ಭೂಮಿ ಯಾರಿಗೂ ಸೇರಿರಲಿಲ್ಲವೆಂಬ ವಾದವನ್ನು ತಳ್ಳಿಹಾಕಿ, ಮೂಲನಿವಾಸಿಗಳ ಹಕ್ಕನ್ನು ಮಾನ್ಯಮಾಡಿದ್ದು 1992ರಲ್ಲಿ. ತೀರ್ಪಿಗೆ ಕೆಲವು ತಿಂಗಳ ಮುಂಚೆ ಮಾಬೊ ತೀರಿಕೊಂಡಿದ್ದನು.

ಇನ್ನು ನಮ್ಮ ದೇಶದ ಕಂದಾಯದ ವಿಷಯ. ಇಲ್ಲಿ ‘ಸೆಟ್ಲ್’ ಎಂದರೆ ಸರ್ಕಾರಕ್ಕೆ ಸಲ್ಲಬೇಕಾದ ಹಣ ಎಷ್ಟು, ಅದನ್ನು ಸಲ್ಲಿಸಬೇಕಾದವರು ಯಾರು ಎಂಬುದನ್ನು ಗೊತ್ತುಪಡಿಸುವುದು. ಇದಕ್ಕೆ ಮೊದಲಿದ್ದ ಪಾರಸಿ ಪದ ‘ಬಂದೋಬಸ್ತ್’. ಬಂಗಾಳಿಯಲ್ಲಿ 1793ರ ವ್ಯವಸ್ಥೆಯನ್ನು ಈಗಲೂ ಚಿರಸ್ಥಾಯೀ ಬಂದೋಬಸ್ತವೆಂದೇ ಕರೆಯುತ್ತಾರೆ. ಕನ್ನಡದಲ್ಲಿ ಆ ಪದವು ಜಾತ್ರೆಯ ಪೋಲೀಸು ಕಾವಲಿಗೆ ಇಳಿದುಬಂದಿದೆ. ಗಮನಿಸಬೇಕಾದುದೇನೆಂದರೆ, ಪಾರಸಿ ಪದದ ಮೂಲಾರ್ಥ ಕಟ್ಟುವುದು, ಇಂಗ್ಲಿಷ್ ಪದದ ಮೂಲಾರ್ಥ ಕೂರಿಸುವುದು. ಕಂದಾಯ ಕೊಡುವವನ ಅನುಭವಕ್ಕೆ ಪಾರಸಿ ಪದವೇ ಹೆಚ್ಚು ಹತ್ತಿರವೆಂದು ನಮಗೆ ತೋರುತ್ತದೆ.

‘ಸೆಟ್ಲ್’ ಆದದ್ದು ಸ್ಥಿರವೆಂದು ಭಾವಿಸುವುದೂ ತಪ್ಪು. ಮನ್ರೋ ಮೊದಲಾದವರು ಬೆಳೆಸಿದ ಮದ್ರಾಸಿನ ರೈತವಾರಿ ಪದ್ಧತಿಯಲ್ಲಿ, ಬಳ್ಳಾರಿಯ ಕಡೆಯ ರೈತನ ಬಾಬ್ತು ವರ್ಷವರ್ಷವೂ ಜಮಾಬಂದಿಯಲ್ಲಿ ತೀರ್ಮಾನವಾಗಬೇಕಾಗಿತ್ತು, ಅದೂ ‘ಸೆಟ್ಲ್‌ಮೆಂಟೇ’. ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ ರೂಪಿಸಿದ ಮುಂಬಯಿ ಪದ್ಧತಿಯಲ್ಲಿ, ಅಂದರೆ ಧಾರವಾಡದ ಸೀಮೆಯಲ್ಲಿ, ಅದರ ಅವಧಿ ಮೂವತ್ತು ವರ್ಷ. ಬಂಗಾಳದಲ್ಲಿ ಮಾತ್ರ ಅದು ಶಾಶ್ವತ. ಆದರೆ ಅಲ್ಲಿಯೂ ಶಾಶ್ವತವಾದುದು ಹಣದ ಮೊತ್ತವೇ ಹೊರತು ಮನುಷ್ಯನಲ್ಲ. ಗೊತ್ತಾದ ದಿನ ಸೂರ್ಯಾಸ್ತದೊಳಗೆ ಕಂತು ಸಲ್ಲದಿದ್ದರೆ ಜಮೀನ್ದಾರಿಯು ಹರಾಜಿಗೆ ಬರುತ್ತಿತ್ತು. ಮೊದಲ ದಶಕಗಳಲ್ಲಿ ಹಳೆಯ ಮನೆತನಗಳೆಷ್ಟೋ ಹೀಗೆ ಆಸ್ತಿಯನ್ನು ಕಳೆದುಕೊಂಡುವು. ಆದುದರಿಂದ ನಮ್ಮ ವಿದ್ಯಾರ್ಥಿಯ ವಾಕ್ಯ ತಪ್ಪು. ಕಾರ್ನ್‌ವಾಲಿಸನು ಶಾಶ್ವತವಾಗಿ ನೆಲೆಗೊಳಿಸಿದ್ದು ಸರ್ಕಾರದ ಬೇಡಿಕೆಯನ್ನು, ಜಮೀನ್ದಾರರನ್ನಲ್ಲ.

ವಿದ್ಯಾರ್ಥಿ ಬಳಸಿದ ಅರ್ಥವೇ ಸರಿಹೊಂದುವ ಸಂದರ್ಭವೂ ನಮ್ಮ ನಾಡಿನಲ್ಲಿದೆ. ಸರ್ಕಾರವು 1871ರಿಂದ ಮಾಡಿದ ಕಾಯಿದೆಗಳ ಮೂಲಕ ಹಲವು ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಕಟ್ಟಿತು. ಅಂಥವರನ್ನು ಇಪ್ಪತ್ತನೆಯ ಶತಮಾನದಲ್ಲಿ ಬಿಜಾಪುರ, ಗದಗ, ಹುಬ್ಬಳ್ಳಿಗಳ ‘ಸೆಟ್ಲ್‌ಮೆಂಟು’ಗಳಲ್ಲಿ ಹಾಜರಿಯ ಕಟ್ಟಿನೊಳಗೆ ಇರಿಸಲಾಯಿತು. ಇಲ್ಲಿ ಮನುಷ್ಯರನ್ನೇ ನೆಲೆಗೊಳಿಸಲಾಯಿತು, ಆದರೆ ಅವರ ಇಚ್ಛೆಯಿಂದಲ್ಲ. ಆ ಕಾಯಿದೆ 1952ರಲ್ಲಿ ರದ್ದಾಯಿತು. ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬ ಸ್ಥಳನಾಮ ಮಾತ್ರ ಜನರ ಬಾಯಲ್ಲಿ ಉಳಿದಿದೆ. “ಮಗ ಬೆಂಗಳೂರಿನಲ್ಲಿ ಸೆಟ್ಲ್ ಆಗಿದ್ದಾನೆ” ಎಂದು ತಂದೆಯೊಬ್ಬನು ಸಂತೋಷದಿಂದ ಹೇಳುವ ಮಾತೂ, ಈ ಸ್ಥಳನಾಮವೂ ಒಂದೇ ಕ್ರಿಯಾಪದದಿಂದ ಬಂದುವು.

ಇದರಿಂದ ಗ್ರಹಿಸಬೇಕಾದುದು ಇಷ್ಟು. ದಾಖಲೆಯಲ್ಲಿ ‘ಸೆಟ್ಲ್’ ಎಂಬ ಪದ ಬಂದ ಕಡೆಯಲ್ಲೆಲ್ಲ ವಿದ್ಯಾರ್ಥಿಯು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಕೂರಿಸಿದವರು ಯಾರು? ಕೂತದ್ದು ಏನು, ಮನುಷ್ಯನೋ, ಮೊತ್ತವೋ, ಹಕ್ಕೋ? ಎಷ್ಟು ಕಾಲಕ್ಕೆ? ಇವುಗಳಿಗೆ ಉತ್ತರ ದೊರೆತ ಮೇಲೆ ತಕ್ಕ ಕನ್ನಡ ಪದವು ತಾನಾಗಿ ಒದಗುತ್ತದೆ. ಆದರೆ ನಾಲ್ಕನೆಯ ಪ್ರಶ್ನೆಯೊಂದುಂಟು. ವಿಷಯವು ಮುಗಿಯಿತೆಂದು ಹೇಳುವುದು ಈ ಕ್ರಿಯಾಪದದ ಸ್ವಭಾವ. ಅದನ್ನು ದಾಖಲೆಯಲ್ಲಿ ಬರೆದವರೂ ಸಾಮಾನ್ಯವಾಗಿ ಮುಗಿಸುವ ಅಧಿಕಾರವುಳ್ಳವರೇ. ಆ ಪೀಠದಿಂದ ಎದ್ದು ಹೋಗಬೇಕಾದವರು ಯಾರೆಂಬುದನ್ನು ದಾಖಲೆಯು ಹೇಳದಿದ್ದರೂ ಚರಿತ್ರಕಾರನು ಕೇಳಲೇಬೇಕು.