ಮೊದಲ ಫ್ಲೈ ರಾಡ್: ಬ್ಲ್ಯಾಂಕ್‌ನಿಂದ ಗಾಳದವರೆಗೆ

ಫ್ಲೈ ಫಿಶಿಂಗ್‌ನಲ್ಲಿ ಬೀಸಿ ಎಸೆಯುವ ತೂಕವೆಲ್ಲ ದಾರದ್ದೇ. ಗರಿ, ತುಪ್ಪಳ, ನೂಲುಗಳನ್ನು ಕೊಕ್ಕೆಗೆ ಸುತ್ತಿ ಹುಳುವಿನಂತೆ ಕಾಣಿಸುವ ಫ್ಲೈಗೆ ಹೇಳಿಕೊಳ್ಳುವಂಥ ಭಾರವಿಲ್ಲ. ಸೀಸದ ಗುಂಡು ಕಟ್ಟಿದ ಸಾಮಾನ್ಯ ಗಾಳದಂತೆ ಅದನ್ನು ದೂರಕ್ಕೆ ಎಸೆಯಲಾಗದು. ಅದಕ್ಕೆಂದೇ ಪ್ಲಾಸ್ಟಿಕ್ ಲೇಪನದ ದಪ್ಪ ದಾರ ಬಳಕೆಯಲ್ಲಿದೆ. ರಾಡ್ ಹಿಂದೆ ಮುಂದೆ ಬಾಗುತ್ತ ಈ ದಾರವನ್ನು ಗಾಳಿಯಲ್ಲಿ ಚಾಚುತ್ತದೆ, ಫ್ಲೈ ಅದರ ಬೆನ್ನಿಗೆ ಹೋಗುತ್ತದೆ. ದಾರದ ಮೊದಲ 30 ಅಡಿಯ ತೂಕದ ಮೇಲೆ ಅದಕ್ಕೊಂದು ಸಂಖ್ಯೆ ನಿಗದಿಯಾಗುತ್ತದೆ. ಐದನೇ ಸಂಖ್ಯೆಯ ದಾರದಲ್ಲಿ ಅಷ್ಟು ಉದ್ದ ಸುಮಾರು 9 ಗ್ರಾಂ ತೂಗುತ್ತದೆ. ಆ ದಾರಕ್ಕೆ ಹೊಂದುವ ರಾಡಿಗೂ ಅದೇ ಸಂಖ್ಯೆ.

ಅಮೆರಿಕದಲ್ಲಿ ಮನೆಯಲ್ಲೇ ರಾಡ್ ಕಟ್ಟುವ ಹವ್ಯಾಸ ಹಳೆಯದು. ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದ ಅಲ್ಲಿನ ಉತ್ತಮ ರಾಡುಗಳು ಬಿದಿರಿನವು. ಬಿದಿರನ್ನು ಸೀಳಿ, ತ್ರಿಕೋನಾಕಾರದ ಆರು ಪಟ್ಟಿಗಳಾಗಿ ಹೆರೆದು, ಅಂಟು ಹಾಕಿ ಜೋಡಿಸುತ್ತಿದ್ದರು. ದಕ್ಷಿಣ ಚೀನಾದಿಂದ ಬರುತ್ತಿದ್ದ ಟಾಂಕಿನ್ ಬಿದಿರಿಗೆ ಅಮೆರಿಕದ 1950ರ ವ್ಯಾಪಾರ ನಿರ್ಬಂಧ ಅಡ್ಡಬಂತು. ಅಷ್ಟರಲ್ಲಿ ಫೈಬರ್‌ಗ್ಲಾಸ್ ಬಂದಾಗಿತ್ತು. 1973ರಲ್ಲಿ ಫೆನ್‌ವಿಕ್ ಕಂಪನಿ ಗ್ರ್ಯಾಫೈಟ್ ರಾಡನ್ನು ಮಾರುಕಟ್ಟೆಗೆ ತಂದಿತು. ಬಿದಿರಿನ ವಿದ್ಯೆ ಮರೆಯಾಗಲಿಲ್ಲ. ಬಿದಿರಿನ ರಾಡ್ ತಯಾರಕ ಎವರೆಟ್ ಗ್ಯಾರಿಸನ್ ಅವರ ವಿಧಾನವನ್ನು ಹೋಗಿ ಕಾರ್ಮೈಕಲ್ ಎಂಬವರು 1977ರಲ್ಲಿ ಪುಸ್ತಕವಾಗಿ ತಂದರು. ಬಿದಿರಿನ ರಾಡ್ ಕಟ್ಟುವವರು ಅದನ್ನು ಇಂದಿಗೂ ನೆಚ್ಚುತ್ತಾರೆ. ಆದರೂ ಹೊಸಬರು ಬಿದಿರಿನಿಂದ ಆರಂಭಿಸುವುದು ತರವಲ್ಲ. ಪಟ್ಟಿಯ ದಪ್ಪ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ರಾಡಿನ ನಡೆ ಬದಲಾಗುವ ಕೆಲಸವದು.

ಮೊದಲ ರಾಡಿಗೆ 9 ಅಡಿ ಉದ್ದದ, ಐದನೇ ಸಂಖ್ಯೆಯ, ನಾಲ್ಕು ತುಂಡುಗಳ ಗ್ರ್ಯಾಫೈಟ್ ಬ್ಲ್ಯಾಂಕ್ ಸೂಕ್ತ. ಬ್ಲ್ಯಾಂಕ್ ಎಂದರೆ ಹಿಡಿಯಾಗಲಿ, ದಾರ ಹಾಯುವ ಗೈಡುಗಳಾಗಲಿ ಇಲ್ಲದ ಬರಿಯ ಟೊಳ್ಳು ಕೋಲು. ಕಾಶ್ಮೀರದ ಲಿದ್ದರ್, ಹಿಮಾಚಲದ ತೀರ್ಥನ್ ನದಿಗಳ ಟ್ರೌಟ್‌ಗೆ ಈ ಅಳತೆ ಸಾಕು. ಮಹಶೀರ್‌ನಂಥ ಬಲಶಾಲಿ ಮೀನಿಗೆ ಇದಕ್ಕಿಂತ ಭಾರಿ ರಾಡ್ ಬೇಕು. ಬ್ಲ್ಯಾಂಕ್, ಕಾರ್ಕ್ ಹಿಡಿ, ದಾರದ ರೀಲನ್ನು ಹಿಡಿದಿಡುವ ರೀಲ್ ಸೀಟ್, ಗೈಡುಗಳು, ನೂಲು ಎಲ್ಲ ಸೇರಿದ ಕಿಟ್ ಸಿಗುತ್ತದೆ. ಅದರಲ್ಲಿ ಹೆಚ್ಚಿನ ಹಣ ಹೋಗಬೇಕಾದದ್ದು ಬ್ಲ್ಯಾಂಕಿಗೆ. ಗೈಡು, ನೂಲು, ಹಿಡಿ ಎಲ್ಲವನ್ನೂ ಮುಂದೆ ಬದಲಿಸಬಹುದು, ಬ್ಲ್ಯಾಂಕ್ ಮಾತ್ರ ಬದಲಾಗದು.

ಗ್ರ್ಯಾಫೈಟ್ ಬಟ್ಟೆಯನ್ನು ಉಕ್ಕಿನ ಸರಳಿಗೆ ಸುತ್ತಿ ಬ್ಲ್ಯಾಂಕ್ ತಯಾರಿಸುತ್ತಾರೆ. ಪದರಗಳು ಎಲ್ಲ ಕಡೆ ಸಮವಾಗಿ ಕೂರದೆ ಒಂದು ಬದಿ ಉಳಿದದ್ದಕ್ಕಿಂತ ಗಟ್ಟಿಯಾಗುತ್ತದೆ. ಇದೇ ಸ್ಪೈನ್. ತುಂಡಿನ ಬುಡವನ್ನು ನುಣುಪಾದ ಮೇಜಿನ ಮೇಲೆ ಊರಿ, ತುದಿಯನ್ನು ಅಂಗೈಯಲ್ಲಿ ಹಿಡಿದು, ನಡುವೆ ಮೆಲ್ಲನೆ ಒತ್ತಿದರೆ ಕೋಲು ತಾನಾಗಿ ಉರುಳಿ ಒಂದು ನಿಲುವಿಗೆ ಬರುತ್ತದೆ. ಗೈಡುಗಳ ಸಾಲು ನಿರ್ಧರಿಸಲು ಅಲ್ಲಿ ಪೆನ್ಸಿಲ್ ಗುರುತು ಹಾಕುತ್ತಾರೆ. ಸ್ಪೈನನ್ನು ಬಿಟ್ಟು, ಕೋಲು ಅತ್ಯಂತ ನೇರವಾಗಿ ಕಾಣುವ ಬದಿಯನ್ನು ಆಯ್ದುಕೊಳ್ಳುವವರೂ ಇದ್ದಾರೆ. ಹೊಸಬರು ಎರಡರಲ್ಲಿ ಯಾವುದನ್ನು ಹಿಡಿದರೂ ತೊಂದರೆಯಿಲ್ಲ.

ಮುಂದಿನದು ಹಿಡಿ. ಕಾರ್ಕ್ ಹಿಡಿಯ ರಂಧ್ರವನ್ನು ಕೋಲಿನ ಇಳಿಜಾರಿಗೆ ತಕ್ಕಂತೆ ದುಂಡು ಅರದಿಂದ ಸ್ವಲ್ಪಸ್ವಲ್ಪವೇ ಹಿಗ್ಗಿಸಿ, ಸಣ್ಣ ತುದಿಯಿಂದ ಬುಡದತ್ತ ಜಾರಿಸಿ ನೋಡುತ್ತಾರೆ. ಒತ್ತಾಯ ಮಾಡಿದರೆ ಕಾರ್ಕ್ ಸೀಳುತ್ತದೆ. ರೀಲ್ ಸೀಟು ಹಿಡಿಯ ಕೆಳಗೆ, ಕೋಲಿನ ಕಟ್ಟಕಡೆಯಲ್ಲಿ ಕೂರುತ್ತದೆ. ಅದರ ಒಳ ವ್ಯಾಸ ಸಾಮಾನ್ಯವಾಗಿ ಕೋಲಿಗಿಂತ ದೊಡ್ಡದು. ಮಾಸ್ಕಿಂಗ್ ಟೇಪನ್ನು ಬಿಡಿಬಿಡಿ ಬಳೆಗಳಾಗಿ ಸುತ್ತಿ ಆ ಅಂತರ ತುಂಬಿಸುತ್ತಾರೆ. ಬಳೆಗಳ ನಡುವಿನ ಜಾಗಕ್ಕೆ ಎಪಾಕ್ಸಿ ಅಂಟು ಇಳಿದು ಬಿಗಿಯಾಗುತ್ತದೆ. ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯೇ ಒಳ್ಳೆಯದು, ಸೀಟನ್ನು ಗುರುತಿನ ನೇರಕ್ಕೆ ತಿರುಗಿಸಿಕೊಳ್ಳಲು ಸಮಯ ಸಿಗುತ್ತದೆ. ಹೊರಗೆ ಉಕ್ಕಿದ ಅಂಟನ್ನು ಆಗಲೇ ಒರೆಸದಿದ್ದರೆ ಕಾರ್ಕಿನ ಮೇಲೆ ಕಲೆ ಉಳಿಯುತ್ತದೆ.

ರಾಡಿನ ಗುಣ ಬಹಳಮಟ್ಟಿಗೆ ತೀರ್ಮಾನವಾಗುವುದು ಗೈಡುಗಳಲ್ಲಿ. ಬುಡದಿಂದ ಸುಮಾರು 30 ಇಂಚು ಮೇಲೆ ಉಂಗುರವಿರುವ ಸ್ಟ್ರಿಪ್ಪಿಂಗ್ ಗೈಡು, ಅಲ್ಲಿಂದಾಚೆ ತೆಳುವಾದ ತಂತಿ ಬಗ್ಗಿಸಿದ ಸ್ನೇಕ್ ಗೈಡುಗಳು, ಕೊನೆಗೆ ಕೋಲಿನ ತುದಿಗೆ ಟಿಪ್ ಟಾಪ್. 9 ಅಡಿಯ ರಾಡಿಗೆ ಟಿಪ್ ಟಾಪ್ ಬಿಟ್ಟು 9ರಿಂದ 11 ಗೈಡುಗಳು ಬೇಕು. ತುದಿಯತ್ತ ಹೋದಂತೆ ಅಂತರ ಕಿರಿದಾಗುತ್ತದೆ, ಅಲ್ಲೇ ಕೋಲು ಹೆಚ್ಚು ಬಾಗುವುದು. ತಯಾರಕರು ಅಂತರದ ಪಟ್ಟಿ ಕೊಟ್ಟಿರುತ್ತಾರೆ, ಆದರೆ ಕೊನೆಯ ಮಾತು ಪರೀಕ್ಷೆಯದು. ಗೈಡುಗಳನ್ನು ಟೇಪಿನಿಂದ ತಾತ್ಕಾಲಿಕವಾಗಿ ಅಂಟಿಸಿ, ದಾರ ತೂರಿಸಿ, ತುದಿಯನ್ನು ಎಳೆದು ರಾಡನ್ನು ಬಾಗಿಸಿದಾಗ ದಾರವೂ ಕೋಲಿನ ಬಾಗನ್ನೇ ಹಿಂಬಾಲಿಸಬೇಕು. ಎಲ್ಲಾದರೂ ಎರಡು ಗೈಡುಗಳ ನಡುವೆ ದಾರ ಬಾಗಿನಿಂದ ದೂರ ಸರಿದು ಗೆರೆ ಎಳೆದಂತೆ ನೇರವಾದರೆ, ಅವುಗಳ ಅಂತರ ಕಡಿಮೆ ಮಾಡಬೇಕು. ಗೈಡುಗಳಿಗೆ ನೂಲು ಸುತ್ತಲು ಶುರು ಮಾಡುವ ಮೊದಲು ಈ ಪರೀಕ್ಷೆಗೆ ಕೊಟ್ಟ ಹೊತ್ತು ವ್ಯರ್ಥವಾಗುವುದಿಲ್ಲ. ಟಿಪ್ ಟಾಪನ್ನು ಕಾಯಿಸಿದರೆ ಕರಗುವ ಅಂಟಿನಿಂದಲೇ ಕೂರಿಸಬೇಕು. ಎಪಾಕ್ಸಿ ಹಾಕಿದರೆ, ಮುಂದೊಮ್ಮೆ ಅದನ್ನು ಬಿಡಿಸಲು ಬೇಕಾಗುವ ಶಾಖ ಗ್ರ್ಯಾಫೈಟಿಗೇ ಹಾನಿ ಮಾಡುತ್ತದೆ.

ಕೋಲಿನ ಮೇಲೆ ಕೂರುವ ಗೈಡಿನ ಪಾದದ ತುದಿಯನ್ನು ಅರದಿಂದ ತೆಳ್ಳಗೆ ಉಜ್ಜಿ, ತಳದ ಚೂಪನ್ನು ಉಪ್ಪುಕಾಗದದಿಂದ ನುಣ್ಣಗೆ ಮಾಡಿದ ಮೇಲೆ ನೂಲಿನ ಕೆಲಸ. ರಟ್ಟಿನ ಪೆಟ್ಟಿಗೆಯ ಎರಡು ಬದಿಯಲ್ಲಿ ಕಚ್ಚು ಕತ್ತರಿಸಿದರೆ ಕೋಲಿಗೆ ಆಸರೆ ಸಿಕ್ಕಿತು. ದಪ್ಪ ಪುಸ್ತಕದ ಹಾಳೆಗಳ ನಡುವೆ ಹಾಯಿಸಿದರೆ ನೂಲಿಗೆ ಬಿಗಿ ಬಂತು. ಪಾದಕ್ಕೆ ಸ್ವಲ್ಪ ಹಿಂದಿನಿಂದ ಶುರು ಮಾಡಿ, ನೂಲು ತನ್ನ ಬಾಲದ ಮೇಲೇ ಐದಾರು ಸುತ್ತು ಹಾಯುವಂತೆ ಸುತ್ತಿ, ಬಾಲ ಕತ್ತರಿಸಿ ಮುಂದುವರಿಯುತ್ತಾರೆ. ಮುಗಿಯಲು ಆರೇಳು ಸುತ್ತು ಇರುವಾಗ ಬೇರೊಂದು ನೂಲಿನ ಕುಣಿಕೆಯನ್ನು ಒಳಗಿಟ್ಟು ಅದರ ಮೇಲೇ ಸುತ್ತಬೇಕು. ಕೊನೆಯ ಎಳೆಯನ್ನು ಕುಣಿಕೆಗೆ ಸಿಕ್ಕಿಸಿ ಎಳೆದರೆ ಅದು ಸುತ್ತುಗಳ ಅಡಿಗೆ ಸೇರಿಕೊಳ್ಳುತ್ತದೆ, ಎಲ್ಲೂ ಗಂಟು ಬೀಳದು. ತುಂಡುಗಳು ಸೇರುವ ಕಡೆ ಹೊರತುಂಡಿನ ಬಾಯಿಗೂ ನೂಲು ಬೇಕೇಬೇಕು. ಇಲ್ಲವಾದರೆ ಬಾಗಿದಾಗ ಆ ಬಾಯಿ ಸೀಳುತ್ತದೆ. ಬಣ್ಣ ಕಾಯುವ ದ್ರವ ಹಚ್ಚದ ಮಾಮೂಲಿ ನೈಲಾನ್ ನೂಲು ಎಪಾಕ್ಸಿ ಕುಡಿದು ಗಾಢವಾಗುತ್ತದೆ, ರೇಷ್ಮೆಯಂತೂ ಬಹುತೇಕ ಪಾರದರ್ಶಕವೇ ಆಗಿಬಿಡುತ್ತದೆ.

ಬುಡದಿಂದ ಕಣ್ಣು ಹಾಯಿಸಿ ಗೈಡುಗಳನ್ನು ಸಾಲಾಗಿಸಿದ ಬಳಿಕ ನೂಲಿನ ಮೇಲೆ ಎಪಾಕ್ಸಿ ಲೇಪನ. ಎಪಾಕ್ಸಿಯ ಎರಡು ಭಾಗಗಳನ್ನು ಸಿರಿಂಜಿನಲ್ಲಿ ಅಳೆಯುವುದು ಕಡ್ಡಾಯ. ಅಳತೆ ತಪ್ಪಿದ ಲೇಪನದ ಅಂಟಂಟು ಹೋಗುವುದೇ ಇಲ್ಲ. ನಿಧಾನವಾಗಿ ಕಲಕಿ ಅಲ್ಯೂಮಿನಿಯಂ ಹಾಳೆಯ ಮೇಲೆ ಹರಡಿದರೆ ಗುಳ್ಳೆಗಳು ಹೊರಟುಹೋಗುತ್ತವೆ. ಲೇಪನ ಇಳಿಯದಂತೆ ಕೋಲನ್ನು ಗಂಟೆಗಟ್ಟಲೆ ತಿರುಗಿಸುತ್ತಿರಬೇಕು. ಮೋಟರು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೆಲವು ನಿಮಿಷಕ್ಕೊಮ್ಮೆ ಕೈಯಿಂದ ಕಾಲು ಸುತ್ತು. ಒಂದು ದಪ್ಪ ಲೇಪಕ್ಕಿಂತ ಎರಡು ತೆಳು ಲೇಪ ಲೇಸು.

ಒಂದು ದಿನಕ್ಕೆ ಲೇಪನ ಕೈಗೆ ಗಟ್ಟಿಯೆನಿಸಿದರೂ ಪೂರ್ಣ ಬಲಕ್ಕೆ ಇನ್ನಷ್ಟು ದಿನ ಬಿಡಬೇಕು. ಮೊದಲ ಎಸೆತಗಳನ್ನು ಹುಲ್ಲಿನ ಮೇಲೆ, ಕೊಕ್ಕೆಯ ಬದಲು ಉಣ್ಣೆಯ ಚೂರು ಕಟ್ಟಿ ಮಾಡುವುದು ರೂಢಿ. ಗೈಡಿನ ಪಾದದ ತುದಿಯ ಲೇಪನದಲ್ಲಿ ಕೂದಲಿನಂಥ ಬಿರುಕು ಕಂಡರೆ ಸಾಮಾನ್ಯವಾಗಿ ಗಾಬರಿ ಬೇಡ, ಬಾಗುವ ಕಡೆ ಲೇಪನ ದಪ್ಪವಾಗಿದೆ ಎಂದಷ್ಟೇ ಅರ್ಥ. ಗೈಡೇ ಅಲ್ಲಾಡಿದರೆ ಮಾತ್ರ, ಬ್ಲೇಡನ್ನು ಪಾದದ ಲೋಹದ ಮೇಲಷ್ಟೇ ಆಡಿಸಿ ನೂಲು ಕತ್ತರಿಸಿ, ಹೊಸದಾಗಿ ಸುತ್ತಬೇಕು. ಬ್ಲೇಡು ಗ್ರ್ಯಾಫೈಟಿಗೆ ತಾಗಿ ಗೀರು ಬಿದ್ದರೆ ಮುಂದೆ ಕೋಲು ಅಲ್ಲಿಯೇ ಮುರಿಯುವ ಸಾಧ್ಯತೆ ಹೆಚ್ಚು.